ರೂತ್ ಬ್ರೌನ್: ಆರ್ ಆ್ಯಂಡ್ ಬಿ ಗಾಯಕಿಗೆ ಜಾಝ್ ಗ್ರ್ಯಾಮಿ ಬಂದದ್ದು ಹೇಗೆ?

2025ರ ಫೆಬ್ರವರಿಯಲ್ಲಿ ಅಮೆರಿಕದ ಗಾಯಕಿ ಬಿಯಾನ್ಸೆಗೆ ‘ವರ್ಷದ ಆಲ್ಬಂ’ ಗ್ರ್ಯಾಮಿ, ಅಂದರೆ ಅಲ್ಲಿನ ದೊಡ್ಡ ಸಂಗೀತ ಪ್ರಶಸ್ತಿ ಬಂತು. ಅದರ ಜೊತೆಗೆ ಕಂಟ್ರಿ, ಅಂದರೆ ಅಮೆರಿಕದ ಹಳ್ಳಿಗಾಡಿನ ಸಂಗೀತದ ವಿಭಾಗದ ಅತ್ಯುತ್ತಮ ಆಲ್ಬಂ ಪ್ರಶಸ್ತಿಯೂ ಬಂತು. ಅದುವರೆಗೆ ಎಲ್ಲರೂ ಆಕೆಯನ್ನು ಆರ್ ಆ್ಯಂಡ್ ಬಿ ಗಾಯಕಿ ಎಂದೇ ಗುರುತಿಸುತ್ತಿದ್ದರು. ‘ಇವರು ಹಾಡುವುದು ಕಂಟ್ರಿ ಹೇಗಾಗುತ್ತದೆ?’ ಎಂದು ಜಗಳವೇ ಶುರುವಾಯಿತು. ಇಂಥ ವಿಭಾಗಗಳ ವಿಚಿತ್ರ ನಮಗೂ ಹೊಸದಲ್ಲ. ಬೆಂಗಳೂರಿನ ರಿಕಿ ಕೇಜ್ ಅವರ ‘ಡಿವೈನ್ ಟೈಡ್ಸ್’ ಆಲ್ಬಂ 2022ರಲ್ಲಿ ನ್ಯೂ ಏಜ್, ಅಂದರೆ ಮನಸ್ಸು ತಿಳಿಯಾಗಿಸುವ ಸಂಗೀತದ ವಿಭಾಗದಲ್ಲಿ ಗೆದ್ದಿತು. ಮರುವರ್ಷ ಅದೇ ಆಲ್ಬಂ ಇಮ್ಮರ್ಸಿವ್ ಆಡಿಯೊ, ಅಂದರೆ ಕೇಳುಗರ ಸುತ್ತಲೂ ಸದ್ದು ತುಂಬುವ ಧ್ವನಿಮುದ್ರಣದ ವಿಭಾಗದಲ್ಲಿ ಮತ್ತೆ ಗೆದ್ದಿತು.

ಹಾಗಾದರೆ ಒಬ್ಬ ಗಾಯಕಿ ಯಾವ ಪ್ರಕಾರಕ್ಕೆ ಸೇರಿದವಳು ಎಂದು ತೀರ್ಮಾನಿಸುವವರು ಯಾರು? ಒಂದು ಪ್ರಕಾರದಿಂದ ಇನ್ನೊಂದಕ್ಕೆ ಹೋಗುವುದು ಎಂದರೆ ನಿಜವಾಗಿ ಏನು ಬದಲಾಗುತ್ತದೆ? ಇದನ್ನು ತಿಳಿಯಲು ರೂತ್ ಬ್ರೌನ್ ಅವರ ಬದುಕಿಗಿಂತ ಒಳ್ಳೆಯ ಉದಾಹರಣೆ ನನಗಂತೂ ಹೊಳೆಯುವುದಿಲ್ಲ. 1950ರ ದಶಕದಲ್ಲಿ ಅಮೆರಿಕದ ಆರ್ ಆ್ಯಂಡ್ ಬಿ ಸಂಗೀತದ ದೊಡ್ಡ ತಾರೆ ಇವರು. 1990ರಲ್ಲಿ ಇವರಿಗೆ ಗ್ರ್ಯಾಮಿ ಬಂದಾಗ ಅದರ ಮೇಲೆ ಬರೆದಿದ್ದದ್ದು ‘ಅತ್ಯುತ್ತಮ ಜಾಝ್ ಗಾಯನ, ಮಹಿಳೆ’ ಎಂದು.

ಜಾಝ್ ಎಂದರೇನು, ಆರ್ ಆ್ಯಂಡ್ ಬಿ ಎಂದರೇನು?

ಮೂರು ಹೆಸರು ತಿಳಿದುಕೊಂಡರೆ ಮುಂದಿನದು ಸಲೀಸು.

ಮೊದಲನೆಯದು ಬ್ಲೂಸ್. ಅಮೆರಿಕದ ದಕ್ಷಿಣದ ಕಪ್ಪು ಜನರ ನಡುವೆ ಹುಟ್ಟಿದ ಹಾಡಿನ ಕ್ರಮ. ಒಂದು ಸಾಲು ಹಾಡುತ್ತಾರೆ, ಅದನ್ನೇ ಇನ್ನೊಮ್ಮೆ ಹಾಡುತ್ತಾರೆ, ಮೂರನೇ ಸಾಲಿನಲ್ಲಿ ಅದಕ್ಕೆ ಉತ್ತರವೋ ತಿರುವೋ ಬರುತ್ತದೆ. ಸಾಮಾನ್ಯವಾಗಿ ಈ ಸುತ್ತು ಹನ್ನೆರಡು ಬಾರ್‌ಗಳಲ್ಲಿ ಮುಗಿಯುತ್ತದೆ. ಒಂದು ಬಾರ್ ಎಂದರೆ ನಾಲ್ಕು ಎಣಿಕೆ.

ಎರಡನೆಯದು ಜಾಝ್. ಇಪ್ಪತ್ತನೇ ಶತಮಾನದ ಆರಂಭದಲ್ಲಿ ನ್ಯೂ ಆರ್ಲಿಯನ್ಸ್ ಊರಿನಲ್ಲಿ ರೂಪ ಪಡೆದ ಸಂಗೀತ. ಬ್ಲೂಸ್ ಇದರ ಬೇರುಗಳಲ್ಲಿ ಒಂದು. ಕೊಟ್ಟ ರಾಗದ ಎಳೆಯನ್ನು ನುಡಿಸುವವರು ಅಲ್ಲಿಯೇ, ಆ ಕ್ಷಣದಲ್ಲಿ ತಮ್ಮ ಕಲ್ಪನೆಯಂತೆ ಬೆಳೆಸುವುದು ಇದರ ಜೀವಾಳ. 1930ರ ದಶಕದ ಹೊತ್ತಿಗೆ ಜಾಝ್ ಅಂದರೆ ಜನ ಕುಣಿಯುವ ಸಂಗೀತ. ಹದಿನೈದು ಹದಿನಾರು ಮಂದಿಯ ‘ಬಿಗ್ ಬ್ಯಾಂಡ್’ಗಳು ಊರೂರು ಸುತ್ತುತ್ತಿದ್ದವು.

ಆಮೇಲೆ ಎರಡನೇ ಮಹಾಯುದ್ಧ ಬಂತು. ವಾದಕರು ಸೈನ್ಯ ಸೇರಿದರು. ಪೆಟ್ರೋಲ್ ಸಿಗದೆ ಓಡಾಟ ಕಷ್ಟವಾಯಿತು. 1944ರಲ್ಲಿ ಹಾಡು, ಕುಣಿತ ಇರುವ ಕ್ಲಬ್‌ಗಳ ಬಿಲ್ಲಿನ ಮೇಲೆ ಅಮೆರಿಕ ಸರ್ಕಾರ ಭಾರೀ ತೆರಿಗೆ ಹಾಕಿತು. ಹದಿನಾರು ಜನರಿಗೆ ಸಂಬಳ ಕೊಟ್ಟು ಬ್ಯಾಂಡ್ ಸಾಕುವುದು ಯಾರಿಗೂ ಗಿಟ್ಟದೆ ಹೋಯಿತು. ಆಗ ಐದಾರು ಜನರ ಚಿಕ್ಕ ತಂಡಗಳು ಮೇಲೆ ಬಂದವು. ಹೆಸರಾಂತ ಉದಾಹರಣೆ ಲೂಯಿ ಜೋರ್ಡನ್. ಚಿಕ್ ವೆಬ್ ಅವರ ಬಿಗ್ ಬ್ಯಾಂಡ್‌ನಲ್ಲಿ ಸ್ಯಾಕ್ಸೊಫೋನ್ ನುಡಿಸುತ್ತಿದ್ದವರು ಇವರು. ಹೊರಬಂದು ತಮ್ಮದೇ ಪುಟ್ಟ ತಂಡ ಕಟ್ಟಿದರು. ಗಟ್ಟಿ ಡ್ರಮ್ಮು, ಕಿರುಚುವ ಸ್ಯಾಕ್ಸೊಫೋನ್, ತಮಾಷೆಯ ಮಾತು. ಈ ಸದ್ದಿಗೇ ಮುಂದೆ ಆರ್ ಆ್ಯಂಡ್ ಬಿ, ಅಂದರೆ ರಿದಮ್ ಆ್ಯಂಡ್ ಬ್ಲೂಸ್ ಎಂಬ ಹೆಸರು ಬಿತ್ತು. ಅದು ಹುಟ್ಟಿದ್ದೇ ಜಾಝ್‌ನ ಮನೆಯೊಳಗೆ ಎಂಬುದನ್ನು ನೆನಪಿಟ್ಟುಕೊಳ್ಳಿ.

ಹೆಸರು ಇಟ್ಟವರು ಸಂಗೀತಗಾರರಲ್ಲ. ‘ಬಿಲ್‌ಬೋರ್ಡ್’ ಪತ್ರಿಕೆ ವಾರವಾರ ಯಾವ ರೆಕಾರ್ಡ್ ಎಷ್ಟು ಓಡುತ್ತಿದೆ ಎಂದು ಪಟ್ಟಿ ಹಾಕುತ್ತಿತ್ತು. ಕಪ್ಪು ಜನ ಕೊಳ್ಳುವ ರೆಕಾರ್ಡ್‌ಗಳ ಪಟ್ಟಿಯೇ ಬೇರೆ. 1942ರಲ್ಲಿ ಅದರ ಹೆಸರು ‘ಹಾರ್ಲೆಮ್ ಹಿಟ್ ಪರೇಡ್’. ಹಾರ್ಲೆಮ್ ಎಂದರೆ ನ್ಯೂಯಾರ್ಕ್‌ನ ಕಪ್ಪು ಜನರ ಬಡಾವಣೆ. 1945ರಲ್ಲಿ ಅದು ‘ರೇಸ್ ರೆಕಾರ್ಡ್ಸ್’, ಅಂದರೆ ‘ಜನಾಂಗದ ರೆಕಾರ್ಡ್‌ಗಳು’ ಆಯಿತು. ಕೇಳಲಿಕ್ಕೇ ಮುಜುಗರವಾಗುವ ಹೆಸರು. ಪತ್ರಿಕೆಯಲ್ಲಿದ್ದ ಜೆರ್ರಿ ವೆಕ್ಸ್ಲರ್ ‘ರಿದಮ್ ಆ್ಯಂಡ್ ಬ್ಲೂಸ್’ ಎಂದು ಸೂಚಿಸಿದರು. 1949ರ ಜೂನ್‌ನಲ್ಲಿ ಪಟ್ಟಿಗೆ ಆ ಹೆಸರು ಬಂತು. ಸಂಗೀತ ಹೇಗಿದೆ ಎಂಬುದಕ್ಕಿಂತ ಅದನ್ನು ಯಾರು ಕೊಳ್ಳುತ್ತಾರೆ ಎಂಬುದನ್ನೇ ಈ ಹೆಸರು ಜಾಸ್ತಿ ಹೇಳುತ್ತಿತ್ತು.

ಹಾಗಾದರೆ ಎರಡೂ ಒಂದೇನಾ?

ಒಂದೇ ಅಲ್ಲ. ವ್ಯತ್ಯಾಸ ಕಿವಿಗೇ ತಿಳಿಯುತ್ತದೆ. ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸುತ್ತಾ ಹೋಗಿ. ಎರಡಕ್ಕೂ ನಾಲ್ಕಕ್ಕೂ ಮಾತ್ರ ಜೋರಾಗಿ ಚಪ್ಪಾಳೆ ತಟ್ಟಿ. ಇದೇ ಆರ್ ಆ್ಯಂಡ್ ಬಿ ಹಾಡಿನ ಬೆನ್ನೆಲುಬು. ಡ್ರಮ್ಮರ್ ಆ ಏಟನ್ನು ಬಿಡುವುದೇ ಇಲ್ಲ, ಗಾಯಕಿ ಅದರ ಮೇಲೆ ಸವಾರಿ ಮಾಡುತ್ತಾಳೆ. ಹಾಡು ಮೂರು ನಿಮಿಷದೊಳಗೆ ಮುಗಿಯಬೇಕು. ಮೊದಲ ಸಾಲಿಗೇ ಜ್ಯೂಕ್‌ಬಾಕ್ಸ್, ಅಂದರೆ ಕಾಸು ಹಾಕಿದರೆ ಹಾಡುವ ಪೆಟ್ಟಿಗೆಯ ಸುತ್ತ ನಿಂತವರ ಕಾಲು ಕುಣಿಯಬೇಕು.

ಜಾಝ್ ಗಾಯನದಲ್ಲಿ ಆ ಏಟು ಹಗುರ. ಡ್ರಮ್ಮರ್ ಹಿತ್ತಾಳೆಯ ತಟ್ಟೆಯ ಮೇಲೆ ಮೆಲ್ಲಗೆ ಕಾಲ ಎಣಿಸುತ್ತಿರುತ್ತಾನೆ. ಗಾಯಕಿ ಎಣಿಕೆಗೆ ಸರಿಯಾಗಿ ಬರಲೇಬೇಕೆಂದಿಲ್ಲ. ಒಂದು ಪದವನ್ನು ತಡೆದು ಹಿಡಿದು, ತಂಡ ಒಂದು ಹೆಜ್ಜೆ ಮುಂದೆ ಹೋದ ಮೇಲೆ ಹೇಳಬಹುದು. ಅದೇ ಸಾಲನ್ನು ಎರಡನೇ ಸಲ ಬೇರೆ ಸ್ವರದಲ್ಲಿ ಹಾಡಬಹುದು. ಹಾಡುಗಳೂ ಬೇರೆ. 1920ರಿಂದ 40ರ ತನಕ ನಾಟಕ, ಸಿನಿಮಾಗಳಿಗಾಗಿ ಬರೆದ, ಎಲ್ಲರಿಗೂ ಗೊತ್ತಿರುವ ಹಾಡುಗಳನ್ನು ಜಾಝ್ ಗಾಯಕರು ಮತ್ತೆ ಮತ್ತೆ ಹಾಡುತ್ತಾರೆ. ಅವಕ್ಕೆ ‘ಸ್ಟ್ಯಾಂಡರ್ಡ್’ ಎನ್ನುತ್ತಾರೆ. ಹಾಡು ಗೊತ್ತಿರುವುದರಿಂದ ಕೇಳುಗರ ಗಮನ ಪೂರ್ತಿ ‘ಈಕೆ ಇದನ್ನು ಏನು ಮಾಡುತ್ತಾಳೆ’ ಎಂಬುದರ ಮೇಲೆ.

ಚರ್ಚ್ ಹುಡುಗಿ, ಬ್ಯಾಲಡ್ ಆಸೆ

ರೂತ್ ಹುಟ್ಟಿದ್ದು 1928ರ ಜನವರಿ 12ರಂದು, ವರ್ಜೀನಿಯಾ ರಾಜ್ಯದ ಬಂದರು ಊರು ಪೋರ್ಟ್ಸ್‌ಮತ್‌ನಲ್ಲಿ. ಏಳು ಮಕ್ಕಳಲ್ಲಿ ಹಿರಿಯಳು. ಅಪ್ಪ ಹಡಗುಕಟ್ಟೆಯಲ್ಲಿ ಕೂಲಿ, ಭಾನುವಾರ ಚರ್ಚಿನಲ್ಲಿ ಗಾಯನ ತಂಡದ ಮುಖ್ಯಸ್ಥ. ದೇವರ ಹಾಡು ಬಿಟ್ಟು ಬೇರೆ ಹಾಡುವುದು ಅವರಿಗೆ ಸುತರಾಂ ಇಷ್ಟವಿರಲಿಲ್ಲ. ಮಗಳು ಕದ್ದು ಕೇಳುತ್ತಿದ್ದದ್ದು ಬಿಲ್ಲಿ ಹಾಲಿಡೇ, ಸಾರಾ ವಾನ್, ಡೈನಾ ವಾಷಿಂಗ್ಟನ್. ಮೊದಲ ಇಬ್ಬರು ಅಪ್ಪಟ ಜಾಝ್ ಗಾಯಕಿಯರು. ಅಂದರೆ ರೂತ್‌ಗೆ ಆಸೆ ಇದ್ದದ್ದು ಮೊದಲಿಂದಲೂ ನಿಧಾನಗತಿಯ ಪ್ರೇಮಗೀತೆ, ಅಂದರೆ ಬ್ಯಾಲಡ್ ಹಾಡುವುದಕ್ಕೆ.

1945ರಲ್ಲಿ, ಹದಿನೇಳನೇ ವಯಸ್ಸಿಗೆ, ಜಿಮ್ಮಿ ಬ್ರೌನ್ ಎಂಬ ಟ್ರಂಪೆಟ್ ವಾದಕನ ಜೊತೆ ಮನೆ ಬಿಟ್ಟು ಹೋದಳು. ಆ ಸಂಬಂಧ ಉಳಿಯಲಿಲ್ಲ, ಬ್ರೌನ್ ಎಂಬ ಹೆಸರು ಉಳಿಯಿತು. ಲಕ್ಕಿ ಮಿಲಿಂಡರ್ ಅವರ ದೊಡ್ಡ ಬ್ಯಾಂಡ್‌ನಲ್ಲಿ ಕೆಲಸ ಸಿಕ್ಕಿತು. ಸುಮಾರು ಒಂದು ತಿಂಗಳಲ್ಲೇ ವಾಷಿಂಗ್ಟನ್‌ನಲ್ಲಿ ಕೆಲಸದಿಂದ ತೆಗೆದರು. ಆಗ ಕೈ ಹಿಡಿದವರು ಬ್ಲಾಂಚ್ ಕ್ಯಾಲೊವೇ. ಸ್ವತಃ ಬ್ಯಾಂಡ್ ನಡೆಸಿದ್ದ ಹೆಂಗಸು, ಜಾಝ್‌ನ ಖ್ಯಾತ ಕ್ಯಾಬ್ ಕ್ಯಾಲೊವೇ ಅವರ ಅಕ್ಕ. ಕ್ರಿಸ್ಟಲ್ ಕ್ಯಾವರ್ನ್ಸ್ ಎಂಬ ಕ್ಲಬ್ಬಿನಲ್ಲಿ ಹಾಡಲು ಅವಕಾಶ ಕೊಡಿಸಿ, ಆಮೇಲೆ ರೂತ್‌ಗೆ ಮ್ಯಾನೇಜರ್ ಕೂಡ ಆದರು. ಅಲ್ಲಿ ರೂತ್ ಹಾಡಿದ್ದನ್ನು ಕೇಳಿದ ರೇಡಿಯೊ ನಿರೂಪಕ ವಿಲಿಸ್ ಕಾನೊವರ್, ಆಗಷ್ಟೇ ಶುರುವಾಗಿದ್ದ ಅಟ್ಲಾಂಟಿಕ್ ರೆಕಾರ್ಡ್ಸ್ ಕಂಪನಿಗೆ ಸುದ್ದಿ ಮುಟ್ಟಿಸಿದರು.

1948ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್‌ಗೆ ಹೊರಟ ಕಾರು ಪೆನ್ಸಿಲ್ವೇನಿಯಾದ ಚೆಸ್ಟರ್ ಹತ್ತಿರ ಅಪಘಾತಕ್ಕೀಡಾಯಿತು. ರೂತ್ ಅವರ ಕಾಲು ಮುರಿದು ತಿಂಗಳುಗಟ್ಟಲೆ ಆಸ್ಪತ್ರೆ ವಾಸ. ಅಟ್ಲಾಂಟಿಕ್ ಜೊತೆಗಿನ ಒಪ್ಪಂದಕ್ಕೆ ಸಹಿ ಹಾಕಿದ್ದು ಆಸ್ಪತ್ರೆಯ ಹಾಸಿಗೆಯಲ್ಲೇ.

1949ರಲ್ಲಿ ಬಂದ ಮೊದಲ ಹಿಟ್ ‘ಸೋ ಲಾಂಗ್’ ಒಂದು ಬ್ಯಾಲಡ್. ಹಿಂದೆ ನುಡಿಸಿದವರು ಎಡ್ಡಿ ಕಾಂಡನ್ ತಂಡದವರು, ಅಂದರೆ ಪಕ್ಕಾ ಜಾಝ್ ಮಂದಿ. ಇದು ಬಹಳ ಜನ ಮರೆಯುವ ಸಂಗತಿ. ಆರ್ ಆ್ಯಂಡ್ ಬಿ ರಾಣಿಯ ಮೊದಲ ಹಿಟ್ಟೇ ಜಾಝ್ ತಂಡದ ಜೊತೆ!

‘ಮಿಸ್ ರಿದಮ್’ ಆದ ಬಗೆ

ಬ್ಯಾಲಡ್ ಹಾಡುತ್ತಾ ಕೂತರೆ ಜಾಸ್ತಿ ಓಡುವುದಿಲ್ಲ ಎಂದು ಕಂಪನಿ ಲೆಕ್ಕ ಹಾಕಿತು. 1950ರಲ್ಲಿ ರೂಡಿ ಟೂಂಬ್ಸ್ ಬರೆದ ‘ಟಿಯರ್‌ಡ್ರಾಪ್ಸ್ ಫ್ರಮ್ ಮೈ ಐಸ್’ ಎಂಬ ಚುರುಕಾದ ಹಾಡು ಕೊಟ್ಟರು. ಅದು ಆರ್ ಆ್ಯಂಡ್ ಬಿ ಪಟ್ಟಿಯಲ್ಲಿ 11 ವಾರ ಒಂದನೇ ಸ್ಥಾನದಲ್ಲಿ ಕೂತಿತು. ಗಾಯಕ ಫ್ರಾಂಕಿ ಲೇನ್ ಇವರನ್ನು ‘ಮಿಸ್ ರಿದಮ್’ ಎಂದು ಕರೆದರು, ಹೆಸರು ಅಂಟಿಕೊಂಡಿತು.

ಆ ಹಾಡುಗಳನ್ನು ಈಗ ಕೇಳಿದರೂ ಒಂದು ವಿಷಯ ತಟ್ಟನೆ ಗಮನಕ್ಕೆ ಬರುತ್ತದೆ. ಸಾಲಿನ ಕೊನೆಗೆ ದನಿ ಮೇಲೇರುವಾಗ ಅದು ಒಮ್ಮೆಲೇ ಒಡೆದು, ‘ಕೀಂಯ್’ ಅನ್ನುತ್ತದೆ. ಒಂದು ಕ್ಷಣ ಅಷ್ಟೇ. ಬೇರೆಯವರಾಗಿದ್ದರೆ ‘ಸರಿಯಾಗಿ ಬಂದಿಲ್ಲ, ಇನ್ನೊಮ್ಮೆ ಹಾಡು’ ಅನ್ನುತ್ತಿದ್ದರೇನೋ. ಇಲ್ಲಿ ಅದೇ ಗುರುತಾಯಿತು. 1953ರ ‘ಮಾಮಾ, ಹಿ ಟ್ರೀಟ್ಸ್ ಯುವರ್ ಡಾಟರ್ ಮೀನ್’ ಹಾಡಿನಲ್ಲಿ ‘ಮಾಮಾ’ ಎಂದು ಕೂಗುವ ಕಡೆ ಇದನ್ನು ಕೇಳಬಹುದು. ಗಂಡನ ಮೇಲೆ ಅಮ್ಮನ ಹತ್ತಿರ ದೂರು ಹೇಳುವ ಹಾಡಿಗೆ ಆ ಒಡೆದ ದನಿ ಎಷ್ಟು ಒಪ್ಪುತ್ತದೆ ಅಲ್ವಾ?

1950ರಿಂದ 1954ರೊಳಗೆ ಐದು ಹಾಡುಗಳು ಪಟ್ಟಿಯ ತುದಿ ಮುಟ್ಟಿದವು. ಹೊಸ ಕಂಪನಿ ಅಟ್ಲಾಂಟಿಕ್ ಕಾಲೂರಿದ್ದೇ ಈ ಗಳಿಕೆಯಿಂದ. ಅದಕ್ಕೇ ಅಟ್ಲಾಂಟಿಕ್‌ಗೆ ‘ರೂತ್ ಕಟ್ಟಿದ ಮನೆ’ ಎಂಬ ಅಡ್ಡಹೆಸರು ಬಂತು.

ಆದರೆ ಆ ಕಾಲದಲ್ಲಿ ಹಿಟ್ ಎಂದರೆ ಅರ್ಧ ಹಿಟ್. ಬಿಳಿಯರ ರೇಡಿಯೊ ಸ್ಟೇಷನ್‌ಗಳು ಕಪ್ಪು ಗಾಯಕರ ರೆಕಾರ್ಡ್ ಹಾಕುವುದು ಕಡಿಮೆ. ಅದೇ ಹಾಡನ್ನು ಬಿಳಿಯ ಗಾಯಕಿ ಹಾಡಿದರೆ ಹಾಕುತ್ತಿದ್ದರು. ಹೀಗೆ ಇನ್ನೊಬ್ಬರ ಹಾಡನ್ನು ಮತ್ತೆ ಹಾಡಿ ಬಿಡುಗಡೆ ಮಾಡುವುದಕ್ಕೆ ‘ಕವರ್’ ಎನ್ನುತ್ತಾರೆ. ರೂತ್ ಅವರ 1954ರ ‘ಓ ವಾಟ್ ಎ ಡ್ರೀಮ್’ ಹಾಡನ್ನು ಪ್ಯಾಟಿ ಪೇಜ್ ಹಾಡಿದರು. ಕವರ್ ಮಾರಾಟವಾದರೆ ಹಾಡು ಬರೆದವರಿಗೆ ದುಡ್ಡು ಬರುತ್ತದೆ. ಮೊದಲು ಹಾಡಿ ಅದಕ್ಕೆ ಜೀವ ಕೊಟ್ಟವರಿಗೆ ಏನೂ ಇಲ್ಲ.

ಹಿಟ್ ಹಾಡು, ಖಾಲಿ ಜೇಬು

1960ರ ದಶಕದ ಆರಂಭಕ್ಕೆ ಹದಿಹರೆಯದವರ ರುಚಿ ಬದಲಾಗಿತ್ತು. ರಾಕ್ ಆ್ಯಂಡ್ ರೋಲ್ ಬಂದು, ಅದರ ಹಿಂದೆ ಚರ್ಚ್ ಹಾಡಿನ ಛಾಯೆಯ ‘ಸೋಲ್’ ಸಂಗೀತ ಬಂತು. ರೂತ್ ಅಟ್ಲಾಂಟಿಕ್ ಬಿಟ್ಟರು. ನ್ಯೂಯಾರ್ಕ್ ಪಕ್ಕದ ಲಾಂಗ್ ಐಲೆಂಡ್‌ನಲ್ಲಿ ಮಕ್ಕಳನ್ನು ಸಾಕಲು ಮನೆಗೆಲಸ ಮಾಡಿದರು, ಶಾಲಾ ಬಸ್ ಓಡಿಸಿದರು. ಐದು ನಂಬರ್ ಒನ್ ಹಾಡು ಕೊಟ್ಟವರಿಗೆ ಈ ಸ್ಥಿತಿ ಹೇಗೆ ಬಂತು?

ಉತ್ತರ ರಾಯಲ್ಟಿ ಲೆಕ್ಕದಲ್ಲಿದೆ. ರಾಯಲ್ಟಿ ಎಂದರೆ ಮಾರಾಟವಾದ ಪ್ರತಿ ರೆಕಾರ್ಡ್‌ಗೆ ಗಾಯಕಿಗೆ ಸಿಗಬೇಕಾದ ಸಣ್ಣ ಪಾಲು. ಆದರೆ ಕಂಪನಿ ಆ ಪಾಲನ್ನು ನೇರವಾಗಿ ಕೈಗೆ ಕೊಡುತ್ತಿರಲಿಲ್ಲ. ಸ್ಟುಡಿಯೊ ಬಾಡಿಗೆ, ವಾದಕರ ಸಂಬಳ, ಮುಂಗಡವಾಗಿ ಕೊಟ್ಟ ಹಣ ಎಲ್ಲವನ್ನೂ ಗಾಯಕಿಯ ಹೆಸರಿಗೆ ಸಾಲ ಎಂದು ಬರೆದುಕೊಳ್ಳುತ್ತಿತ್ತು. ಮೊದಲು ಆ ಸಾಲ ತೀರಬೇಕು, ಉಳಿದದ್ದು ಗಾಯಕಿಗೆ. ಹೊಸ ಹಾಡು ಮಾಡಿದ ಹಾಗೆಲ್ಲ ಹೊಸ ಸಾಲ. ಊರ ಕಿರಾಣಿ ಅಂಗಡಿಯಲ್ಲಿ ಉದ್ರಿ ಬರೆಸುವವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಲೆಕ್ಕದ ಪುಸ್ತಕ ಯಾವತ್ತೂ ಅಂಗಡಿಯವನ ಕೈಯಲ್ಲೇ, ತಿಂಗಳ ಕೊನೆಗೆ ಬಾಕಿ ಇಷ್ಟು ಎಂದು ಅವನೇ ಹೇಳುವುದು. ರೆಕಾರ್ಡ್ ಕಂಪನಿಗಳಲ್ಲಿ ಇದು ಆಗಿನ ಸಾಮಾನ್ಯ ಪದ್ಧತಿ. ಲೆಕ್ಕ ತೋರಿಸಿ ಎಂದು ಕೇಳಲು ವಕೀಲರು ಬೇಕು, ವಕೀಲರಿಗೆ ದುಡ್ಡು ಬೇಕು.

ಜಾಝ್ ಕಡೆಗೆ ದಾರಿ

ಹಾಡುವುದನ್ನು ರೂತ್ ಪೂರ್ತಿ ಬಿಟ್ಟಿರಲಿಲ್ಲ. 1968ರಲ್ಲಿ ಥಾಡ್ ಜೋನ್ಸ್ ಮತ್ತು ಮೆಲ್ ಲೂಯಿಸ್ ಅವರ ಬಿಗ್ ಬ್ಯಾಂಡ್ ಜೊತೆ ಒಂದು ಆಲ್ಬಂ ಬಂತು. ಥಾಡ್ ಜೋನ್ಸ್ ಹೆಸರಾಂತ ಜಾಝ್ ತಂಡವಾದ ಕೌಂಟ್ ಬೇಸಿ ಬ್ಯಾಂಡ್‌ನಲ್ಲಿ ಟ್ರಂಪೆಟ್ ನುಡಿಸಿದ್ದವರು. ಮೆಲ್ ಲೂಯಿಸ್ ಹೆಸರಾಂತ ಡ್ರಮ್ಮರ್. 1966ರಿಂದ ಇವರ ತಂಡ ನ್ಯೂಯಾರ್ಕ್‌ನ ವಿಲೇಜ್ ವ್ಯಾನ್‌ಗಾರ್ಡ್ ಎಂಬ ನೆಲಮಾಳಿಗೆ ಕ್ಲಬ್ಬಿನಲ್ಲಿ ಪ್ರತಿ ಸೋಮವಾರ ನುಡಿಸುತ್ತಿತ್ತು. ಆ ಆಲ್ಬಂನಲ್ಲಿ ‘ಟ್ರಬಲ್ ಇನ್ ಮೈಂಡ್’ನಂಥ ಹಳೆ ಬ್ಲೂಸ್ ಇದೆ, ‘ಬೈ ಬೈ ಬ್ಲ್ಯಾಕ್‌ಬರ್ಡ್’ನಂಥ ಸ್ಟ್ಯಾಂಡರ್ಡ್ ಇದೆ. ಹಿಂದೆ ಟ್ರಂಪೆಟ್, ಟ್ರಾಂಬೋನ್‌ಗಳ ಗೋಡೆಯೇ ಎದ್ದು ನಿಂತರೂ ಗಾಯಕಿ ಕಳೆದುಹೋಗುವುದಿಲ್ಲ. ನನ್ನ ಮಟ್ಟಿಗೆ ಇವರ ಜಾಝ್ ಪಯಣದ ನಿಜವಾದ ಶುರು ಇದೇ. ದುರದೃಷ್ಟಕ್ಕೆ ಅದು ಇವರ ಬದುಕಿನ ದಿಕ್ಕನ್ನೇನೂ ಬದಲಿಸಲಿಲ್ಲ.

ತಿರುವು ಬಂದದ್ದು 1970ರ ದಶಕದ ಮಧ್ಯದಲ್ಲಿ. ಹಾಸ್ಯನಟ ರೆಡ್ ಫಾಕ್ಸ್ ಕರೆದು ಲಾಸ್ ಏಂಜಲಿಸ್‌ನಲ್ಲಿ ರಂಗಭೂಮಿಗೆ ಅವಕಾಶ ಕೊಡಿಸಿದರು. ಅಲ್ಲಿಂದ ಟಿವಿ, ಕ್ಲಬ್ಬು, ಜಾಝ್ ಉತ್ಸವಗಳು. 1988ರ ‘ಹೇರ್‌ಸ್ಪ್ರೇ’ ಸಿನಿಮಾದಲ್ಲಿ ಮೋಟರ್‌ಮೌತ್ ಮೇಬೆಲ್ ಎಂಬ ಬಾಯಿಬಡುಕಿ ರೇಡಿಯೊ ನಿರೂಪಕಿಯ ಪಾತ್ರವೂ ಸಿಕ್ಕಿತು.

ವಯಸ್ಸಾದ ಆರ್ ಆ್ಯಂಡ್ ಬಿ ಗಾಯಕಿಯರಿಗೆ ಜಾಝ್ ಯಾಕೆ ಬಾಗಿಲು ತೆರೆಯುತ್ತದೆ? ಆರ್ ಆ್ಯಂಡ್ ಬಿ ನಡೆಯುವುದು ಹೊಸ ಹಾಡಿನ ಮೇಲೆ. ಕೊಳ್ಳುವವರು ಯುವಜನ, ಅವರಿಗೆ ಬೇಕಾದದ್ದು ತಮ್ಮ ವಯಸ್ಸಿನ ದನಿ. ಐದು ವರ್ಷ ಹಿಟ್ ಇಲ್ಲದಿದ್ದರೆ ‘ಹಳಬರು’ ಎಂಬ ಹಣೆಪಟ್ಟಿ ಖಾಯಂ. ಜಾಝ್ ಕೇಳುಗರು ವಯಸ್ಸಿನಲ್ಲೂ ಹಿರಿಯರು, ಹಳೆ ಹಾಡನ್ನೇ ಹೊಸದಾಗಿ ಕೇಳಲು ಬರುವವರು. ಅರವತ್ತು ದಾಟಿದ ಮೇಲೆ ದನಿ ತಗ್ಗಿಗೆ ಇಳಿಯುತ್ತದೆ, ಒರಟಾಗುತ್ತದೆ, ಮೇಲಿನ ಸ್ವರ ಎಟುಕುವುದಿಲ್ಲ. ಪಾಪ್ ಸಂಗೀತದಲ್ಲಿ ಅದು ಕೊರತೆ. ಪದವನ್ನು ಎಲ್ಲಿ ತಡೆಯಬೇಕು, ಎಲ್ಲಿ ಬಿಡಬೇಕು ಎಂಬುದೇ ಮುಖ್ಯವಾದ ಕಡೆ ಅದೇ ದನಿಗೆ ಬೆಲೆ ಬರುತ್ತದೆ. ಸಣ್ಣ ಕ್ಲಬ್ಬಿನಲ್ಲಿ ನಾಲ್ಕೈದು ವಾದಕರಿದ್ದರೆ ಸಾಕು, ಖರ್ಚೂ ಕಡಿಮೆ.

ಕುರ್ಚಿ ಹಾಡು

ಪ್ಯಾರಿಸ್‌ನಲ್ಲಿ ಶುರುವಾಗಿದ್ದ ‘ಬ್ಲ್ಯಾಕ್ ಆ್ಯಂಡ್ ಬ್ಲೂ’ ಎಂಬ ಹಾಡು-ಕುಣಿತದ ಪ್ರದರ್ಶನ 1989ರ ಜನವರಿಯಲ್ಲಿ ನ್ಯೂಯಾರ್ಕ್‌ನ ಬ್ರಾಡ್‌ವೇಗೆ ಬಂತು. ಬ್ರಾಡ್‌ವೇ ಎಂದರೆ ಅಮೆರಿಕದ ದೊಡ್ಡ ನಾಟಕಶಾಲೆಗಳಿರುವ ಬೀದಿ. ಅದರಲ್ಲಿ ರೂತ್ ಹಾಡಿದ ಒಂದು ಹಾಡು ಹಳೆ ಪೀಠೋಪಕರಣ ಮಾರುವವಳದ್ದು. ಒಂದು ಕುರ್ಚಿಗೆ ಸರಿಯಾದ ಬೆಲೆ ಬರದಿದ್ದರೆ ಮಾರುವುದಿಲ್ಲ, ಅದರ ಮೇಲೆ ನಾನೇ ಕೂತಿರುತ್ತೇನೆ ಎನ್ನುತ್ತಾಳೆ. ಮೇಲ್ನೋಟಕ್ಕೆ ಅಂಗಡಿ ವ್ಯಾಪಾರ. ಒಳಗಿನ ಅರ್ಥ ಪೋಲಿ. ಪ್ರತಿ ಸಾಲೂ ಎರಡು ಕಡೆ ಕೆಲಸ ಮಾಡುತ್ತದೆ.

ಇಂಥ ಹಾಡು ನಿಲ್ಲುವುದು ಅಥವಾ ಬೀಳುವುದು ಪೂರ್ತಿ ಸಮಯಪ್ರಜ್ಞೆಯ ಮೇಲೆ. ರೂತ್ ಅವಸರವೇ ಮಾಡುವುದಿಲ್ಲ. ಅರ್ಧ ಮಾತು, ಅರ್ಧ ಹಾಡು. ಜನರಿಗೆ ಅರ್ಥವಾಗಿ ನಗಲು ಬೇಕಾದಷ್ಟು ಸಮಯ ಬಿಡುತ್ತಾರೆ, ನಗು ಇಳಿಯುವ ಮುಂಚೆ ಮುಂದಿನ ಸಾಲು ಎತ್ತಿಕೊಳ್ಳುತ್ತಾರೆ. ತಂಡ ಹಿಂದೆ ಕಾಯುತ್ತಿರುತ್ತದೆ. ಎಣಿಕೆಗೆ ಹಿಂದೆ ಉಳಿದು ಹಾಡುವುದು ಎಂದು ಮೇಲೆ ಹೇಳಿದ್ದನ್ನು ಇಲ್ಲಿ ಕಣ್ಣಾರೆ ನೋಡಬಹುದು. ಇದರಲ್ಲಿ ಚರ್ಚ್ ಇದೆ, ಬ್ಲೂಸ್ ಇದೆ, ನಾಟಕ ಇದೆ.

1989ರಲ್ಲಿ ರೂತ್ ಅವರಿಗೆ ಸಂಗೀತ ನಾಟಕದ ಅತ್ಯುತ್ತಮ ನಟಿ ಎಂದು ಟೋನಿ, ಅಂದರೆ ಬ್ರಾಡ್‌ವೇ ನಾಟಕಗಳ ದೊಡ್ಡ ಪ್ರಶಸ್ತಿ ಬಂತು. ಅದೇ ಹುರುಪಿನಲ್ಲಿ ‘ಬ್ಲೂಸ್ ಆನ್ ಬ್ರಾಡ್‌ವೇ’ ಆಲ್ಬಂ ಬಂತು. ಅದರಲ್ಲಿ ಸ್ಯಾಕ್ಸೊಫೋನ್ ನುಡಿಸಿದವರಲ್ಲಿ ರೇ ಚಾರ್ಲ್ಸ್ ತಂಡದಲ್ಲಿದ್ದ ಹ್ಯಾಂಕ್ ಕ್ರಾಫರ್ಡ್ ಒಬ್ಬರು. 1990ರ ಜಾಝ್ ಗ್ರ್ಯಾಮಿ ಸಿಕ್ಕಿದ್ದು ಇದಕ್ಕೇ. ಹೆಸರಿನಲ್ಲಿ ‘ಬ್ಲೂಸ್’ ಇದೆ, ಹಾಡಿದವರು ಆರ್ ಆ್ಯಂಡ್ ಬಿ ತಾರೆ, ಹಾಡುಗಳಲ್ಲಿ ಕೆಲವು ರಂಗಭೂಮಿಯವು, ಪ್ರಶಸ್ತಿ ಮಾತ್ರ ಜಾಝ್!

ಗ್ರ್ಯಾಮಿಯ ವಿಂಗಡಣೆ ಯಾವತ್ತೂ ಹೀಗೇ. 1959ರ ಮೊದಲ ಗ್ರ್ಯಾಮಿಯಲ್ಲಿ ಆರ್ ಆ್ಯಂಡ್ ಬಿ ಪ್ರಶಸ್ತಿ ಗೆದ್ದದ್ದು ದಿ ಚಾಂಪ್ಸ್ ತಂಡದ ‘ಟಕಿಲಾ’. ರಾಕ್ ಆ್ಯಂಡ್ ರೋಲ್ ವಾದ್ಯಸಂಗೀತ, ಮಧ್ಯೆ ಮಧ್ಯೆ ‘ಟಕಿಲಾ’ ಎಂದು ಕೂಗುವುದು ಬಿಟ್ಟರೆ ಮಾತೇ ಇಲ್ಲ. ರೂತ್ ಅವರ ದಾರಿಯಲ್ಲಿ ಬೇರೆಯವರೂ ಬಂದರು. ಎಟಾ ಜೇಮ್ಸ್ ಬಿಲ್ಲಿ ಹಾಲಿಡೇ ಹಾಡುಗಳ ಆಲ್ಬಂ ಮಾಡಿ 1995ರಲ್ಲಿ ಜಾಝ್ ಗ್ರ್ಯಾಮಿ ಪಡೆದರು. ಪ್ಯಾಟಿ ಆಸ್ಟಿನ್ ಅವರಿಗೆ 2008ರಲ್ಲಿ ಬಂತು.

ಬಾಕಿ ಲೆಕ್ಕ

ರಾಯಲ್ಟಿ ಜಗಳ ಏನಾಯಿತು? 1980ರ ದಶಕದಲ್ಲಿ ಹಾವೆಲ್ ಬೆಗ್ಲ್ ಎಂಬ ವಕೀಲ, ಅಪ್ಪಟ ಅಭಿಮಾನಿ, ಹಳೆ ರೆಕಾರ್ಡ್‌ಗಳಿಗೆ ಸಹಿ ಹಾಕಿಸಿಕೊಳ್ಳಲು ರೂತ್ ಬಳಿ ಬಂದರು. ಮಾತಿನ ನಡುವೆ, ಆ ರೆಕಾರ್ಡ್‌ಗಳು ಇನ್ನೂ ಒಳ್ಳೆ ಬೆಲೆಗೆ ಮಾರಾಟವಾಗುತ್ತಿದ್ದರೂ ಹಾಡಿದವರಿಗೆ ಏನೂ ಬರುತ್ತಿಲ್ಲ ಎಂಬುದು ಗೊತ್ತಾಯಿತು. ಅವರು ಕೇಸನ್ನು ಕೈಗೆತ್ತಿಕೊಂಡರು. ವರ್ಷಗಳ ಹಗ್ಗಜಗ್ಗಾಟದ ಬಳಿಕ ಅಟ್ಲಾಂಟಿಕ್ ರೂತ್ ಅವರ ಮತ್ತು ಆ ತಲೆಮಾರಿನ ಇನ್ನೂ ಹಲವು ಕಲಾವಿದರ ಹಳೆ ‘ಸಾಲ’ ಮನ್ನಾ ಮಾಡಿ, ಹಿಂದಿನ ರಾಯಲ್ಟಿ ಕೊಡಲು ಒಪ್ಪಿತು. 1988ರಲ್ಲಿ ರಿದಮ್ ಆ್ಯಂಡ್ ಬ್ಲೂಸ್ ಫೌಂಡೇಶನ್ ಶುರುವಾದದ್ದೂ ಇದರ ಫಲ. ಅಟ್ಲಾಂಟಿಕ್ ಕಡೆಯಿಂದ ಬಂದ ಸುಮಾರು 15 ಲಕ್ಷ ಡಾಲರ್ ಅದರ ಮೂಲಧನ. ಕಾಯಿಲೆ ಬಿದ್ದ, ಕೈ ಖಾಲಿಯಾದ ಹಳೆಯ ಆರ್ ಆ್ಯಂಡ್ ಬಿ ಕಲಾವಿದರಿಗೆ ನೆರವು ಕೊಡುವುದು ಅದರ ಕೆಲಸ. ಪ್ರಶಸ್ತಿಗಳಿಗಿಂತ ಇದೇ ರೂತ್ ಅವರ ದೊಡ್ಡ ಗೆಲುವು ಎನ್ನುವವರಿದ್ದಾರೆ, ತಪ್ಪೇನಿಲ್ಲ.

1993ರಲ್ಲಿ ರಾಕ್ ದಿಗ್ಗಜರ ಗೌರವ ಪಟ್ಟಿಯಾದ ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್ ಕೂಡ ಇವರನ್ನು ಸೇರಿಸಿಕೊಂಡಿತು. ರಾಕ್‌ನವರಿಗೂ ಬೇಕು, ಜಾಝ್‌ನವರಿಗೂ ಬೇಕು, ನಾಟಕದವರಿಗೂ ಬೇಕು! 2006ರ ನವೆಂಬರ್ 17ರಂದು, 78ನೇ ವಯಸ್ಸಿನಲ್ಲಿ, ಲಾಸ್ ವೇಗಸ್ ಪ್ರದೇಶದಲ್ಲಿ ತೀರಿಕೊಂಡರು. 2016ರಲ್ಲಿ ಗ್ರ್ಯಾಮಿಯವರು ಜೀವಮಾನ ಸಾಧನೆಯ ಗೌರವ ಕೊಟ್ಟರು.

ಕೇಳಬೇಕೆಂದರೆ ಎಲ್ಲಿಂದ ಶುರು ಮಾಡುವುದು?

ಮೊದಲು 1949ರ ‘ಸೋ ಲಾಂಗ್’, ಅದರ ಬೆನ್ನಿಗೇ 1953ರ ‘ಮಾಮಾ’. ನಾಲ್ಕು ವರ್ಷದಲ್ಲಿ ಡ್ರಮ್ಮಿನ ಸದ್ದು ಎಷ್ಟು ಮುಂದೆ ಬಂದಿದೆ ಎಂದು ಗಮನಿಸಿ. ಆಮೇಲೆ 1968ರ ಆಲ್ಬಂನ ‘ಬೈ ಬೈ ಬ್ಲ್ಯಾಕ್‌ಬರ್ಡ್’ ಹಾಕಿ. ಕೊನೆಗೆ ‘ಬ್ಲೂಸ್ ಆನ್ ಬ್ರಾಡ್‌ವೇ’ಯ ಕುರ್ಚಿ ಹಾಡು. ನಾಲ್ಕನ್ನೂ ಒಂದೇ ಕೂತಲ್ಲಿ ಕೇಳುವುದು ಒಳ್ಳೆಯದು, ಕಾಲು ಗಂಟೆ ಸಾಕಾಗಬಹುದು. ಕೊನೆಯ ಹಾಡನ್ನು ಮಾತ್ರ ಮನೆಯ ಹಿರಿಯರ ಎದುರು ಸ್ಪೀಕರ್‌ನಲ್ಲಿ ಹಾಕಬೇಡಿ, ಇಂಗ್ಲಿಷ್ ಅವರಿಗೂ ಬರುತ್ತದೆ.